ಹಿಂದೆ ಬರುತ್ತಿದ್ದ ಸ್ಕೂಟರ್

ಏಪ್ರಿಲ್ ಹಿಡಿದು ಮಳೆ ಬಲಿಯುವವರೆಗೂ ನಮ್ಮ ಪಿ.ಟಿ. ಮೇಡಂ ಅವರ ಅಂಗೈ ತುಂಬ ಹಲಸಿನ ಮೇಣ. ತೆಂಗಿನೆಣ್ಣೆ ಹಚ್ಚಿ ಎಷ್ಟು ತಿಕ್ಕಿದರೂ ಬೆರಳ ಸಂದಿಯಲ್ಲಿ ಕಪ್ಪಗೆ ಉಳಿಯುತ್ತಿತ್ತು, ಸ್ಟಾಪ್‌ವಾಚಿನ ಗುಂಡಿಗೂ ಮೆತ್ತಿಕೊಳ್ಳುತ್ತಿತ್ತು. ಓಟ ಕಲಿಸುವವರಿಗೆ ಹಲಸಿನ ಉಸಾಬರಿ ಯಾಕೆ ಎಂದು ಹೊರಗಿನವರು ಕೇಳಬಹುದು. ನಮ್ಮ ನೆಲ್ಯಹುದಿಕೇರಿ ಕಡೆ ಯಾರೂ ಕೇಳುವುದಿಲ್ಲ. ಹಣ್ಣಿನ ವಾಸನೆ ಹಿಡಿದು ಆನೆ ತೋಟಕ್ಕೆ ಬರುತ್ತದೆ. ಅದಕ್ಕೇ ನಾನು ಓಡುವ ರಸ್ತೆಯ ಎರಡೂ ಬದಿಯ ಹಲಸನ್ನು ಕಾಯಿ ಎಳಸಾಗಿರುವಾಗಲೇ ಮೇಡಂ ದೋಟಿ ಹಿಡಿದು ಕೆಡವಿಬಿಡುತ್ತಿದ್ದರು.

ನನ್ನ ಅಪ್ಪ ಅಲ್ಲಿನ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್, ಲೆಕ್ಕ ಬರೆಯುವವರು. ಓಡಲು ನಮಗಿದ್ದದ್ದು ತೋಟದೊಳಗಿನ ಅದೊಂದೇ ರಸ್ತೆ. ನಾನೋ ಶುದ್ಧ ಪುಕ್ಕಲಿ. ಕಾಫಿ ಗಿಡ ಅಲುಗಿದರೂ ಎದೆ ಧಸಕ್ಕೆನ್ನುತ್ತಿತ್ತು. ಓಡುತ್ತ ಓಡುತ್ತ ಹಿಂದೆ ನೋಡುವುದು ಎಷ್ಟು ಅಭ್ಯಾಸವಾಗಿತ್ತೆಂದರೆ, ಆನೆಯೇ ಇಲ್ಲದ ಮೈದಾನದಲ್ಲೂ ಕತ್ತು ತಾನಾಗಿ ತಿರುಗುತ್ತಿತ್ತು. ಎಂಟುನೂರು ಮೀಟರಿನಲ್ಲಿ ಕೊನೆಯ ತಿರುವಿನವರೆಗೂ ಮುಂದಿದ್ದು, ಅಲ್ಲೊಮ್ಮೆ ತಿರುಗಿ ನೋಡಿ ಸೋಲುತ್ತಿದ್ದೆ. ರಾಜ್ಯ ತಂಡದ ಆಯ್ಕೆ ಹತ್ತಿರ ಬರುತ್ತಿತ್ತು. ಈ ಸಲ ಆಗದಿದ್ದರೆ ಓಟ ಸಾಕು, ಮಗಳನ್ನು ಆನೆಯ ಕಾಲಿಗೆ ಕೊಡಲಾರೆ ಎಂದು ಅಪ್ಪ ಹೇಳಿಬಿಟ್ಟಿದ್ದರು.

ಮೇಡಂ ಬೈಯಲಿಲ್ಲ. ಮರುದಿನದಿಂದ ತಮ್ಮ ಹಳೇ ಸ್ಕೂಟರ್ ಹತ್ತಿ ನನ್ನ ಹಿಂದೆ ಬರತೊಡಗಿದರು.

“ಹಿಂದೆ ನೋಡೋ ಕೆಲ್ಸ ಇನ್ಮೇಲೆ ನಂದು ಮಗಾ,” ಎಂದರು. “ನೀನು ಮುಂದೆ ನೋಡು, ಸಾಕು.”

ಬೆಳಿಗ್ಗೆ ಆನೆ ಯಾವ ತೋಟದಲ್ಲಿದೆ ಎಂದು ಊರಿನವರ ವಾಟ್ಸಾಪ್ ಗುಂಪಿನಲ್ಲಿ ನೋಡಿಕೊಂಡೇ ಹೊರಡುತ್ತಿದ್ದೆವು. ದಾರಿಯುದ್ದಕ್ಕೂ ಮೇಡಂ ಬಾಯಿ ನಿಲ್ಲುತ್ತಿರಲಿಲ್ಲ. ಮೊಣಕೈ ಒಳಗೆ, ಹೆಗಲು ಸಡಿಲ, ಮೂತಿ ಯಾಕೆ ಹಾಗೆ, ಹೆಣ್ಣು ನೋಡೋಕೆ ಬಂದಿದ್ದಾರಾ ಎಂದು ಛೇಡಿಸುತ್ತಿದ್ದರು. ಆ ಸ್ಕೂಟರಿನ ಸದ್ದು ಕಿವಿಗೆ ಬೀಳುವಷ್ಟು ಹೊತ್ತು ನನ್ನ ಕತ್ತು ನೆಟ್ಟಗಿರುತ್ತಿತ್ತು. ಹೆದರಿಕೆ ಹೋಯಿತೆಂದಲ್ಲ, ಅದನ್ನು ಅವರ ಹತ್ತಿರ ಬಿಟ್ಟು ಓಡುವುದನ್ನು ಕಲಿತೆ.

ಮೇಡಂಗೆ ಹಲಸಿನ ಹಣ್ಣಿನ ಕಡುಬೆಂದರೆ ಪ್ರಾಣ. ಎಲ್ಲ ಕೆಡವಿ ಪಾಪ ಅವರಿಗೇ ತಿನ್ನಲು ಒಂದು ಹಣ್ಣಿಲ್ಲವಲ್ಲ ಎಂದು ಅಮ್ಮನಿಗೆ ಮರುಕ. ರಸ್ತೆ ತಿರುವಿನ ಮರದಲ್ಲಿ, ಎಲೆ ಮರೆಯಲ್ಲಿದ್ದ ಒಂದು ಕಾಯಿಗೆ ಗೋಣಿ ಸುತ್ತಿ, ಯಾರಿಗೂ ಹೇಳದೆ ಹಣ್ಣಾಗಲು ಬಿಟ್ಟಿದ್ದಳು. ನಮ್ಮ ಕಡೆಯ ಹೆಂಗಸರೆಲ್ಲ ಒಂದಲ್ಲ ಒಂದು ವರ್ಷ ಮಾಡುವ ತಪ್ಪು ಅದು.

ಆಯ್ಕೆಗೆ ಒಂದು ವಾರವಿತ್ತು. ಅಂದು ತಿರುವು ದಾಟುವಾಗ ಹಣ್ಣಿನ ವಾಸನೆ ಮೂಗಿಗೆ ಬಡಿಯಿತು. ಹಿಂದೆ ಸ್ಕೂಟರ್ ನಿಂತಿತು. ಕೊಂಬೆ ಮುರಿದ ಸದ್ದಾಯಿತು. ಇನ್ನೇನು ತಿರುಗಬೇಕು, ಮೇಡಂ ದನಿ ಕೇಳಿತು, ದಿನಾ ಕೇಳುವಂಥದೇ ದನಿ.

“ಮೊಣಕೈ ಒಳಗೆ. ಹೋಗ್ತಾ ಇರು.”

ಹೋದೆ. ಕೂಲಿಯವರ ಲೈನ್ ಮನೆಗಳು ಬರುವವರೆಗೂ ನಿಲ್ಲಲಿಲ್ಲ. ಅಷ್ಟು ಜೋರಾಗಿ ಅದುವರೆಗೆ ನಾನು ಓಡಿದ್ದೇ ಇಲ್ಲ.

ನನ್ನ ಕೂಗಿಗೆ ಅಪ್ಪ ಜನ ಕಟ್ಟಿಕೊಂಡು ಪಟಾಕಿ ಸಿಡಿಸುತ್ತ, ಹಿಂದೆ ಅಮ್ಮನೂ ನಾನೂ ಹೋಗುವಷ್ಟರಲ್ಲಿ ಆನೆ ಹಣ್ಣು ತಿಂದು ಹೋಗಿತ್ತು. ಸ್ಕೂಟರ್ ಅಪ್ಪಚ್ಚಿಯಾಗಿತ್ತು. ಮೇಡಂ ಕಾಲು ಮುರಿದುಕೊಂಡು ಚರಂಡಿಯಲ್ಲಿ ಬಿದ್ದಿದ್ದರು. ಹಲ್ಲು ಕಟಕಟ ಎನ್ನುತ್ತಿತ್ತು, ಅಪ್ಪನ ತೋಳು ಹಿಡಿದವರು ಆನೆ ಹೋಯಿತೆಂದರೂ ಬಿಡಲಿಲ್ಲ. ಅವರು ನನಗಿಂತ ದೊಡ್ಡ ಪುಕ್ಕಲಿ ಎಂದು ಅವತ್ತೇ ನನಗೆ ಗೊತ್ತಾದದ್ದು. ಒಂದು ಸಲ ಕೂಗಿಕೊಳ್ಳಬಾರದಿತ್ತಾ ಎಂದು ಅಮ್ಮ ಅತ್ತಳು.

“ಕೂಗಿದ್ರೆ ಇವ್ಳು ನಿಂತು ತಿರುಗಿ ನೋಡ್ತಿದ್ಲಲ್ಲಕ್ಕಾ,” ಎಂದರು ಮೇಡಂ.

ಗೋಣಿ ಸುತ್ತಿದ ಹಣ್ಣಿನ ವಿಷಯ ತಿಳಿದ ಮೇಲೂ ಮೇಡಂ ಅಮ್ಮನನ್ನು ದೂರಲಿಲ್ಲ. ಪೇಟೆ ಹಣ್ಣು ತಂದು ಅಮ್ಮ ಆಸ್ಪತ್ರೆಗೆ ಕಡುಬು ಒಯ್ದಾಗ, ಉಪ್ಪು ಕಮ್ಮಿ ಎಂದು ಗೊಣಗುತ್ತಲೇ ತಿಂದರು.

ಆಯ್ಕೆಗೆ ಅವರಿಲ್ಲದೆ ಹೋದೆ. ಕೊನೆಯ ತಿರುವಿನಲ್ಲಿ ಬೆನ್ನು ಜುಮ್ಮೆಂದಿತು. ಇಲ್ಲದ ಸ್ಕೂಟರಿನ ಸದ್ದನ್ನು ಕಿವಿಯಲ್ಲಿ ತುಂಬಿಕೊಂಡು ಓಡಿದೆ. ತಂಡಕ್ಕೆ ಸೇರಿದೆ. ಆಮೇಲಿನ ಯಾವ ಓಟದಲ್ಲೂ ತಿರುಗಿ ನೋಡಲಿಲ್ಲ.

ಕಳೆದ ಮಳೆಗಾಲದಲ್ಲಿ ಮೇಡಂ ಜ್ವರ ಬಂದು ತೀರಿಕೊಂಡರು. ಅವರ ಊರು ಕರಿಕೆಯಲ್ಲಿ ಚಿತೆಗೆ ಬೆಂಕಿ ಇಟ್ಟ ಮೇಲೆ, ಇನ್ನು ಯಾರೂ ಹಿಂದೆ ನೋಡಬಾರದು, ಹಾಗೇ ನಡೆಯಿರಿ ಎಂದು ಹಿರಿಯರು ಹೇಳಿದರು. ಎಲ್ಲರೂ ತಲೆ ತಗ್ಗಿಸಿ ತೋಟದ ದಾರಿಯಲ್ಲಿ ನಡೆದರು. ನಾನು ಕೊನೆಯವಳು. ಬೆನ್ನ ಹಿಂದೆ ಯಾವ ಸದ್ದೂ ಇರಲಿಲ್ಲ. ಹಳೆಯ ಹೆದರಿಕೆ ಮೈ ಹತ್ತಿ ಬಂತು.

ಅಷ್ಟು ವರ್ಷಗಳಲ್ಲಿ ಮೊದಲ ಸಲ, ತಿರುಗಿ ನೋಡಿದೆ.