ಆರನೆಯ ಕೇಸರ

ನಮ್ಮ ಸಸ್ಯಶಾಸ್ತ್ರದ ಸರ್ ಅವರ ಎಡಗಣ್ಣು ಸದಾ ಅರ್ಧ ಮುಚ್ಚಿರುತ್ತಿತ್ತು. ವರ್ಷಾನುಗಟ್ಟಲೆ ಭೂತಗನ್ನಡಿಗೆ ಬಲಗಣ್ಣು ಹಚ್ಚಿ ಹೂವಿನ ಚಿತ್ರ ಬರೆದು ಆದದ್ದು. ಆಳಂದದ ಬಜಾರಿನಲ್ಲಿ ಹಾಗೇ ನಡೆದರೆ ಹುಡುಗರು, "ಸರ್ ಕಣ್ಣು ಹೊಡಿಯಾಕತ್ತಾರ ನೋಡ್ರೋ" ಎಂದು ನಗುತ್ತಿದ್ದರು. ನಾನೂ ನಕ್ಕಿದ್ದೇನೆ, ದೇವರು ಕ್ಷಮಿಸಲಿ.

ಚಿತ್ರ ಮುಗಿಯುವ ತನಕ ಕತ್ತರಿಸಿದ ಹೂವಿನ ಒಂದು ಚೂರನ್ನೂ ಬಿಸಾಡುವಂತಿಲ್ಲ, ಒದ್ದೆ ಹತ್ತಿಯಡಿ ಇಡಬೇಕು ಎಂಬುದು ಅವರ ಕಟ್ಟಪ್ಪಣೆ. "ಪುಸ್ತಕದಾಗ ಇದ್ದದ್ದು ಬರೀಬ್ಯಾಡ ಯವ್ವಾ, ಕಣ್ಣಿಗಿ ಕಂಡದ್ದು ಬರಿ" ಎನ್ನುತ್ತಿದ್ದರು. ನನಗದು ಬರೀ ಹಟ ಅನ್ನಿಸುತ್ತಿತ್ತು.

ಎಂಬತ್ತರ ದಶಕದ ಕೊನೆಯ ಮಾತು. ಹಿಂದಿನ ವರ್ಷ ಪ್ರಾಕ್ಟಿಕಲ್‌ನಲ್ಲಿ ನಪಾಸಾಗಿದ್ದೆ. ಈ ಸಲವೂ ಹೋದರೆ ಕಾಲೇಜು ಬಂದ್ ಎಂದು ಅಪ್ಪ ಮಾದನಹಿಪ್ಪರಗಾದಲ್ಲಿ ಬಸ್ ಹತ್ತಿಸುವಾಗಲೇ ಹೇಳಿದ್ದ. ಪರೀಕ್ಷೆಯಲ್ಲಿ ನನಗೆ ಬಂದದ್ದು ಮದಗುಣಕಿ, ಅದೇ ದತ್ತೂರಿ ಹೂ. ಸೀಳಿ ಎಣಿಸಿದೆ. ಕೇಸರ ಆರು! ಆರನ್ನೂ ಬರೆದು ತಲೆಯೆತ್ತಿದರೆ ಎದುರಿನ ಗೋಡೆಯ ಮೇಲೆ ಅದೇ ಹೂವಿನ ಪಟ. ಸರ್ ತಾವೇ ಮೂರು ದಿನ ಕೂತು ಬರೆದದ್ದು. ಅದರಲ್ಲಿ ಐದೇ ಇದ್ದವು. ಆರನೆಯದನ್ನು ರಬ್ಬರಿನಿಂದ ಉಜ್ಜಿಬಿಟ್ಟೆ.

ಅಷ್ಟರಲ್ಲಿ ಸರ್ ನನ್ನ ಪಕ್ಕ ಬಂದು ನಿಂತಿದ್ದರು. ಉಜ್ಜಿದ ಕಲೆ ನೋಡಿದರು, ತಟ್ಟೆಯಲ್ಲಿ ಬಿಡಿಸಿಟ್ಟಿದ್ದ ಕೇಸರಗಳನ್ನು ನೋಡಿದರು. ಪರೀಕ್ಷೆಯಲ್ಲಿ ನನ್ನೊಡನೆ ಮಾತಾಡುವಂತಿರಲಿಲ್ಲ. ಸೀದಾ ಹೋಗಿ ಪಟವನ್ನು ಗೋಡೆಯಿಂದ ಇಳಿಸಿ ಸುತ್ತಿದರು. "ಪರೀಕ್ಷಾದಾಗ ಇದು ಇರಬಾರದಿತ್ರಿ, ನಂದೇ ತಪ್ಪು" ಎಂದರು, ಹೊರಗಿನಿಂದ ಬಂದಿದ್ದ ಪರೀಕ್ಷಕರಿಗೆ. ನಾನು ಆರನೆಯದನ್ನು ಮತ್ತೆ ಬರೆದು, ತಟ್ಟೆಯ ಚೂರುಗಳಿಗೆ ಒದ್ದೆ ಹತ್ತಿ ಮುಚ್ಚಿದೆ.

ಪರೀಕ್ಷಕರು ನನ್ನ ಹಾಳೆ ಕಂಡವರೇ ಕೆಂಪು ಪೆನ್ನು ತೆಗೆದರು. "ದತ್ತೂರಿಗಿ ಆರು ಕೇಸರ ಎಲ್ಲಿ ನೋಡಿದಿ ತಂಗಿ? ಎರಡು ವರ್ಷ ಏನ್ ಓದಿದಿ?"

ಹತ್ತಿ ತೆಗೆದು ತಟ್ಟೆಯನ್ನು ಮುಂದೆ ತಳ್ಳಿದೆ. ಅವರು ಸೂಜಿಯಿಂದ ಒಂದೊಂದೇ ಸರಿಸಿ ಎಣಿಸಿದರು. ಐದಕ್ಕೆ ಸೂಜಿ ನಿಂತಿತು. ಮುಗಿಯಿತು ನನ್ನ ಕತೆ ಅಂದುಕೊಂಡೆ. ಸರ್ ಕಿಟಕಿಯ ಬಳಿ ಅಲ್ಲಾಡದೆ ನಿಂತಿದ್ದರು. ಆಗ ಕೈಯಲ್ಲಿದ್ದ ಹತ್ತಿಯನ್ನು ಮಗುಚಿ ನೋಡಿದೆ.

"ಇಲ್ಲಿ ಅಂಟೇದ ನೋಡ್ರಿ ಸರ್!" ನನ್ನ ದನಿ ಅಳುವಿನಂತೆ ಬಂತು.

ಪರೀಕ್ಷಕರು ಭೂತಗನ್ನಡಿ ಹಿಡಿದು ನೋಡಿ, ಕೆಂಪು ಪೆನ್ನಿಗೆ ಮುಚ್ಚಳ ಹಾಕಿದರು.

ಹೊರಗೆ ಬಂದಾಗ ಸರ್ ಇಷ್ಟೇ ಕೇಳಿದರು: "ನನ್ನ ಚಿತ್ರಕ್ಕ ಅಂಜಿದೇನು ಯವ್ವಾ?"

ಆ ವರ್ಷ ಪಾಸಾದೆ, ಮುಂದೆ ಓದಿದೆ, ನಾನೂ ಹೂವಿನ ಪಾಠ ಹೇಳುವವಳಾದೆ. ಅವರು ತೀರಿಕೊಂಡ ಸುದ್ದಿ ಕೇಳಿ ಓಡಿ ಬಂದವಳು, ಮಣ್ಣು ಮುಗಿಸಿಕೊಂಡು ನಮ್ಮ ಹಳೆಯ ಕಾಲೇಜಿಗೆ ಹೋದೆ. ಪಟ ಮತ್ತೆ ಗೋಡೆಯ ಮೇಲಿತ್ತು. ಶಾಯಿಯ ಐದು ಕೇಸರಗಳ ಪಕ್ಕ ಪೆನ್ಸಿಲಿನ ಆರನೆಯದೊಂದಿತ್ತು. ಅದರ ಕೆಳಗೆ ಅವರ ಸಣ್ಣ ಅಕ್ಷರ: "ನಾನು ಕಂಡಿರಲಿಲ್ಲ. ಒಬ್ಬಳು ತೋರಿಸಿದಳು."