ಬಿಟ್ಟುಹೋಗದವರು

ಕರುಣೆ ಎಂಬುದು ಈ ಹೆಂಗಸಿನ ಹತ್ತಿರವೂ ಸುಳಿದಿಲ್ಲ. ಇದನ್ನು ಮೆತ್ತಗೆ ಹೇಳುವ ಅಗತ್ಯ ನನಗೆ ಕಾಣುವುದಿಲ್ಲ.

ಟೈರ್ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ನಡೆಯುವ ಸಂಸ್ಥೆಯೊಂದರಲ್ಲಿ ಆಕೆಗೆ ಕೆಲಸ. ನಿರುದ್ಯೋಗಿ ಹುಡುಗ ಹುಡುಗಿಯರಿಗೆ ಕೆಲಸ ಕೊಡಿಸುವುದು ಸಂಸ್ಥೆಯ ಉದ್ದೇಶ. ಅವರಿಂದ ಬಿಡಿಗಾಸೂ ಕೇಳುವುದಿಲ್ಲ. ಗೋಡೆಯ ಮೇಲೆ ನಗುವ ಯುವಕರ ದೊಡ್ಡ ಚಿತ್ರವಿದೆ. ಅದರ ಕೆಳಗಿನ ಕುರ್ಚಿಯಲ್ಲಿ ಕೂತವರು ಹಾಗೆ ನಕ್ಕದ್ದನ್ನು ಯಾರೂ ಕಂಡಿಲ್ಲ. ಬರುವವರು ಎದುರಿಗೆ ಆಕೆಯನ್ನು ಮೇಡಂ ಎನ್ನುತ್ತಾರೆ, ಮೆಟ್ಟಿಲು ಇಳಿದ ಮೇಲೆ ದಲ್ಲಾಳಿ ಎನ್ನುತ್ತಾರೆ.

ಆಕೆ ಕೊಡಿಸಿದ ಕೆಲಸವನ್ನು ಯಾರೂ ಬಿಡುವುದಿಲ್ಲ. ನಿರ್ದೇಶಕರು ಸಭೆಗಳಲ್ಲಿ ಇದನ್ನು ಎದೆಯುಬ್ಬಿಸಿ ಹೇಳುತ್ತಾರೆ. ಕಾರಣ ಕೇಳಲು ಹೋಗುವುದಿಲ್ಲ. ಕಾರಣ ಸರಳ. ಕೆಲಸ ಕೊಡುವವರಿಗೆ ಜಾಣರು ಬೇಡ, ಬಿಟ್ಟುಹೋಗದವರು ಬೇಕು. ಬಿಟ್ಟುಹೋಗಲಾರದವರು ಯಾರು ಎಂದು ಹುಡುಕುವುದು ಆಕೆಗೆ ಗೊತ್ತು. ಹಾಗಾಗಿ ಓದಿಗಿಂತ ಮೊದಲು ಮನೆಯ ಮಾತು ತೆಗೆಯುತ್ತಾಳೆ. ಬಂದವರು ಅದನ್ನು ಕನಿಕರವೆಂದು ತಿಳಿದು ಎಲ್ಲವನ್ನೂ ಒಪ್ಪಿಸಿಬಿಡುತ್ತಾರೆ.

ಹಾಗೆ ಒಪ್ಪಿಸಿದವರಲ್ಲಿ ಉದ್ದ ಜಡೆಯ ಹುಡುಗಿಯೊಬ್ಬಳು.

"ಅಪ್ಪ ಏನ್ ಮಾಡ್ತಾರೆ?"

"ತೀರ್ಕೊಂಡ್ರು."

"ಅಣ್ಣ ತಮ್ಮಂದಿರು?"

"ಅಣ್ಣ ಇದ್ದಾನೆ. ಇದ್ದೂ ಇಲ್ದ ಹಾಗೆ."

"ಅಮ್ಮ?"

"ಕಿಡ್ನಿ ಹೋಗಿದೆ, ಮೇಡಂ. ಡಯಾಲಿಸಿಸ್ ನಡೀತಿದೆ. ನನ್ನ ಬಿಟ್ರೆ ಯಾರೂ ಇಲ್ಲ."

ಹುಡುಗಿ ಹೊರಗೆ ಹೋದದ್ದೇ ಆಕೆ ಲಾಂಡ್ರಿ ಮಾಲೀಕನಿಗೆ ಫೋನ್ ಮಾಡಿದಳು. ಆಸ್ಪತ್ರೆ, ಹೋಟೆಲುಗಳ ಹಾಸಿಗೆ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿ ಅದು.

"ನೀವು ಕೇಳಿದಂಥವಳು ಸಿಕ್ಕಿದ್ದಾಳೆ. ಅಮ್ಮನಿಗೆ ಡಯಾಲಿಸಿಸ್. ಎಲ್ಲಿಗೂ ಹೋಗಲ್ಲ."

"ನಿಮ್ಮ ಬಾಯಿಗೆ ಸಕ್ಕರೆ ಹಾಕ್ಬೇಕು ಮೇಡಂ!"

ಆಕೆಯ ಗಂಡ ನಿವೃತ್ತ ಬಸ್ ಕಂಡಕ್ಟರ್. ಆಕೆಯ ಈ ವಿದ್ಯೆಯ ವಿಷಯ ಅವನಿಗೂ ಗೊತ್ತು. "ನಾನು ಜನ ಹೇಳಿದ ಕಡೆ ಇಳಿಸ್ತಿದ್ದೆ ಕಣೇ," ಎಂದು ಊಟಕ್ಕೆ ಕೂತಾಗ ಚುಚ್ಚುತ್ತಾನೆ. "ನೀನು ನಿನಗೆ ತೋಚಿದ ಕಡೆ ಇಳಿಸ್ತೀಯ."

"ಅನ್ನ ಆರ್ತಾ ಇದೆ. ಬಾಯಿಗೆ ಬೇರೆ ಕೆಲಸ ಕೊಡಿ," ಎನ್ನುತ್ತಾಳೆ ಆಕೆ.

ಕೆಲವು ವಾರಗಳ ನಂತರ ಹುಡುಗಿ ಮತ್ತೆ ಬಂದಳು. ಮುಂಗೈಯಿಂದ ಮೊಣಕೈವರೆಗೆ ಚರ್ಮ ಸುಟ್ಟು ಸುಲಿದಿತ್ತು. ಒದ್ದೆ ಹಾಸುಗಳನ್ನು ಇಸ್ತ್ರಿ ಮಾಡುವ ಬಿಸಿ ರೋಲರಿನ ಬಾಯಿಗೆ ಕೊಡುವುದು ಅವಳ ಕೆಲಸ. ಕೈ ಒಳಗೆ ಹೋಗದಂತೆ ಇರುವ ತಡೆಪಟ್ಟಿಯನ್ನು, ಕೆಲಸ ನಿಧಾನವಾಗುತ್ತದೆಂದು ಮಾಲೀಕ ಬಿಚ್ಚಿಸಿದ್ದ.

"ಬೇರೆ ಕೆಲಸ ನೋಡಿ ಮೇಡಂ. ನನಗಿಂತ ಮುಂಚೆ ಅಲ್ಲಿದ್ದವಳಿಗೆ ಎರಡು ಬೆರಳು ಹೋಗಿವೆಯಂತೆ."

"ಬೇರೆ ಇಲ್ಲ."

"ಬಟ್ಟೆ ಮಡಚೋ ಮೇಜಿಗಾದ್ರೂ ಹಾಕೋಕೆ ಹೇಳಿ."

"ನೀನೇ ಕೇಳ್ಬೇಕು."

"ಕೇಳಿದೆ. ಮಾಲೀಕರು ನಕ್ಕರು. 'ಇಲ್ಲಾಂದ್ರೆ ಬಿಟ್ಟುಹೋಗ್ತೀಯಾ? ಅಮ್ಮನ ಡಯಾಲಿಸಿಸ್ ಯಾರು ನೋಡ್ತಾರೆ?' ಅಂದ್ರು." ಹುಡುಗಿ ಆಕೆಯ ಮುಖವನ್ನೇ ನೋಡಿದಳು. "ಅಮ್ಮನ ವಿಷಯ ನಾನು ಅಲ್ಲಿ ಯಾರಿಗೂ ಹೇಳಿರ್ಲಿಲ್ಲ, ಮೇಡಂ."

ಇಂಥ ಹೊತ್ತಿನಲ್ಲಿ ಬೇರೆ ಯಾರಾದರೂ ಕಣ್ಣು ತಪ್ಪಿಸುತ್ತಿದ್ದರು. ಆಕೆ ತಪ್ಪಿಸಲಿಲ್ಲ.

"ನಿಮ್ಮನ್ನ ದಲ್ಲಾಳಿ ಅಂತಾರೆ," ಎಂದಳು ಹುಡುಗಿ. "ಸುಳ್ಳಲ್ಲ."

"ಗೊತ್ತು. ಮೆಟ್ಟಿಲ ಮೇಲೆ ಬಲ್ಬ್ ಹೋಗಿದೆ, ನೋಡ್ಕೊಂಡು ಇಳಿ."

ಹುಡುಗಿ ಬಾಗಿಲನ್ನು ದಢಾರನೆ ಹಾಕಿಕೊಂಡು ಹೋದಳು. ಅವಳು ಇಂದಿಗೂ ಈ ಹೆಂಗಸಿಗೆ ಶಾಪ ಹಾಕುತ್ತಾಳೆ. ಹಾಕಲಿ, ಆ ಹಕ್ಕು ಅವಳಿಗಿದೆ.

ಆ ಮಧ್ಯಾಹ್ನವೇ ಆಕೆ ಲಾಂಡ್ರಿಗೆ ಫೋನ್ ಮಾಡಿದಳು.

"ಆ ಹುಡುಗಿ ವಿಷಯ. ಅವಳ ಅಣ್ಣನಿಗೆ ಒಳ್ಳೆ ಕೆಲಸ ಸಿಕ್ಕಿದೆಯಂತೆ. ಅಮ್ಮನ ಖರ್ಚೆಲ್ಲ ಇನ್ಮೇಲೆ ಅವನದೇ. ಬೇರೆ ಲಾಂಡ್ರಿಯವರೂ ಅವಳನ್ನ ಕರೀತಿದ್ದಾರೆ. ರೋಲರ್ ಮುಂದೆ ನಿಲ್ಲಿಸಿದ್ರೆ ನಾಳೇನೇ ಹೋಗ್ತಾಳೆ."

ಅಣ್ಣನಿಗೆ ಯಾವ ಕೆಲಸವೂ ಸಿಕ್ಕಿರಲಿಲ್ಲ. ಯಾರೂ ಅವಳನ್ನು ಕರೆದಿರಲಿಲ್ಲ.

"ಅಯ್ಯೋ, ಈಗ ತಾನೇ ಕೆಲಸ ಕಲ್ತಿದ್ದಾಳೆ! ಎಲ್ಲಿಗೂ ಹೋಗಲ್ಲ ಅಂತ ನೀವೇ ಹೇಳಿದ್ರಲ್ಲ?"

"ತಪ್ಪಾಯ್ತು."

"ಹೀಗೆ ಮಾತು ಬದಲಾಯಿಸಿದ್ರೆ ನಿಮ್ಮನ್ನ ನಂಬೋದು ಹೇಗೆ ಮೇಡಂ?"

"ನಂಬಬೇಡಿ."

"ಸರಿ, ಅವಳನ್ನ ಮಡಚೋ ಮೇಜಿಗೆ ಹಾಕ್ತೀನಿ. ರೋಲರ್‌ಗೆ ಇನ್ನೊಬ್ಬಳನ್ನ ಕಳ್ಸಿ. ಮೊದಲಿನ ಹಾಗೆ, ಗಟ್ಟಿಯಾಗಿ ನಿಲ್ಲೋವಳು."

"ಅಂಥವರು ನನ್ನ ಹತ್ರ ಯಾರೂ ಇಲ್ಲ," ಎಂದು ಆಕೆ ಫೋನ್ ಇಟ್ಟಳು.

ಹೊರಗಿನ ಬೆಂಚಿನ ಮೇಲೆ, ಕೆಲಸ ಕೇಳಿ ಬಂದ, ಬಿಟ್ಟುಹೋಗಲಾರದಂಥ ಹುಡುಗಿಯರು ಭುಜಕ್ಕೆ ಭುಜ ತಾಗಿಸಿಕೊಂಡು ಕೂತಿದ್ದರು.