ಅಮ್ಮ ದಣಿಯಿತೆಂದುಕೊಂಡ ಹೀಟಿಂಗ್ ಪ್ಯಾಡ್

‘ಟಿಕ್’ ಎಂದು ಪ್ಯಾಡಿನ ಕೆಂಪು ದೀಪ ಆರಿತು. ನಾನು ಅಭ್ಯಾಸಬಲದಿಂದ ಪ್ಲಗ್ ಕಿತ್ತೆ.

"ಯಾಕೆ ತೆಗೆದದ್ದು?" ಎಂದ ಅಣ್ಣ. ಅಮ್ಮ ತೀರಿಕೊಂಡು ಬೊಜ್ಜದ ಉತ್ತರಕ್ರಿಯೆಯೂ ಮುಗಿದಿತ್ತು. ಬೊಂಬಾಯಿಯಿಂದ ಬರುವಾಗ ಬೆನ್ನು ಹಿಡಿದುಕೊಂಡಿದ್ದ ಅವನು ಅಮ್ಮನ ಹಾಸಿಗೆಯಲ್ಲಿ ಆ ಪ್ಯಾಡಿನ ಮೇಲೆ ಮಲಗಿದ್ದ. ಬಟ್ಟೆಯ ಹಾಗೆ ಬಾಗುವ ಆ ಪ್ಯಾಡನ್ನು, ಪುಂಜಾಲಕಟ್ಟೆಯ ನಮ್ಮ ಮನೆಗೆ ಕರೆಂಟು ಬಂದ ಹೊಸತರಲ್ಲಿ, ಅಮ್ಮನ ಸೊಂಟನೋವಿಗೆಂದು ಕಳಿಸಿದವನೂ ಅವನೇ. ಅರವತ್ತರ ದಶಕದ ಮಾತು.

ದೀಪ ಆರಿದರೆ ಅದಕ್ಕೆ ದಣಿವಾಯಿತೆಂದೇ ಅಮ್ಮ ತಿಳಿದಿದ್ದಳು. ಉತ್ತು ಬಂದ ಕೋಣದ ಮೈ ಸವರುವಂತೆ ಅದನ್ನು ಸವರಿ, "ಸಾಕು ಮಗಾ, ಇನ್ನು ಸುಧಾರಿಸು" ಎಂದು ಪ್ಲಗ್ ತೆಗೆಸುತ್ತಿದ್ದಳು. ಮರುದಿನದವರೆಗೆ ನೋವಿಗೆ ಹಲ್ಲುಕಚ್ಚಿ ಮಲಗುತ್ತಿದ್ದಳು. ಮನೆಯವರೆಲ್ಲ ಅದನ್ನೇ ನಂಬಿದ್ದೆವು.

ಇದನ್ನು ಕೇಳಿ ಅಣ್ಣ ಎದ್ದು ಕುಳಿತ. "ಮೈ ಸುಡಬಾರದು ಅಂತ ಅದು ಆರುವುದು. ತಣಿದರೆ ಪುನಃ ತಾನೇ ಬಿಸಿಯಾಗ್ತದೆ. ಥರ್ಮೋಸ್ಟಾಟ್ ಅಂತ ಉಂಟು ಅದರಲ್ಲಿ."

ಪ್ಲಗ್ ಹಾಕಿ ಇಬ್ಬರೂ ಕಾದೆವು. ಯಾರೂ ಮುಟ್ಟದೆ ದೀಪ ಹೊತ್ತಿತು, ಆರಿತು, ಮತ್ತೆ ಹೊತ್ತಿತು. ಅಮ್ಮನ ಖಾಲಿ ಹಾಸಿಗೆ ಬೆಚ್ಚಗಾಗುತ್ತಲೇ ಇತ್ತು.

ಈಗಲೂ ಇಸ್ತ್ರಿಪೆಟ್ಟಿಗೆ ‘ಟಿಕ್’ ಎಂದರೆ ನನ್ನ ಕೈ ಪ್ಲಗ್ಗಿನತ್ತ ಹೋಗಿ ನಡುವೆಯೇ ನಿಲ್ಲುತ್ತದೆ. ಒಂದೇ ಒಂದು ಸಲ ಅಮ್ಮ ಇನ್ನೊಂದು ಗಳಿಗೆ ಕಾದಿದ್ದರೆ!